ಗಂಗರಾಜು ಸಾರು ಚೆಲ್ಲಿದ್ದು

ಸುಂಕದಕಟ್ಟೆಯ ಹಿಂದಿನ ರಸ್ತೆಯೊಂದರಲ್ಲಿ ಪಶು ಆಹಾರ ಮಾರುವ ಅಂಗಡಿ ಇದೆ. ಮೊನ್ನೆ ಬೆಳಗ್ಗೆ ಅಲ್ಲಿ ಕಡಲೆಕಾಯಿ ಹಿಂಡಿ ಕೊಳ್ಳಲು ನಿಂತಿದ್ದೆ. ಅಂಗಡಿಯಾತ ಚೀಲದ ಬಾಯಿ ಬಿಚ್ಚಿದ ಕೂಡಲೇ ಎಣ್ಣೆ, ಹಳೆಯ ಗೋಣಿ, ಧೂಳು ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಈ ವಾಸನೆಯಿಂದ ಹಸು ನೆನಪಾಗಬಹುದು. ನನಗೆ ತುಂಗಭದ್ರೆ ನೆನಪಾಗುತ್ತದೆ.

"ಎಷ್ಟು ಹಸು ಸಾರ್ ಮನೇಲಿ?" ಎಂದ ಅಂಗಡಿಯಾತ.

"ಹಸು ಇಲ್ಲಪ್ಪ. ಮೀನಿಗೆ."

"ಓ, ಮೀನು ಸಾಕಿದೀರಾ?"

"ಇಲ್ಲ. ಹಿಡಿಯೋಕೆ."

ಆತ ನನ್ನ ಹಣೆಯ ಮೇಲಿದ್ದ ವಿಭೂತಿಯನ್ನು ನೋಡಿದ. ಇನ್ನೇನೋ ಕೇಳಬೇಕೆಂದುಕೊಂಡವನು ಸುಮ್ಮನೆ ಹಿಂಡಿ ತೂಗಿ ಕೊಟ್ಟ. ಹೆಚ್ಚು ಕೇಳದ ವ್ಯಾಪಾರಿಗಳೆಂದರೆ ನನಗೆ ಗೌರವ.

ಆದರೆ ನಿಮಗೆ ಹೇಳಿಬಿಡುವುದು ಒಳ್ಳೆಯದು. ನಾನು ಮೀನು ತಿನ್ನುವವನಲ್ಲ. ನಮ್ಮ ಮನೆತನದಲ್ಲಿ ಯಾರೂ ತಿಂದವರಲ್ಲ. ಆದರೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ, ದೀಪಾವಳಿ ಕಳೆದ ಮೇಲೆ ಇಬ್ಬರು ಸ್ನೇಹಿತರ ಜೊತೆ ಮೀನು ಹಿಡಿಯಲು ಹೋಗುತ್ತೇನೆ. ಈ ಎರಡು ಸಂಗತಿಗಳ ನಡುವೆ ಏನು ಸಂಬಂಧ ಎಂದು ಹುಡುಕಿ ಹುಡುಕಿ ಸುಸ್ತಾದವಳು ನನ್ನ ಹೆಂಡತಿ. "ತಿನ್ನೋದೂ ಇಲ್ಲ, ಒಂದು ದಿನ ಹಿಡಿದಿದ್ದೂ ಇಲ್ಲ. ಅಷ್ಟು ದೂರ ಹೋಗಿ ಏನು ಮಾಡ್ತೀರಾ?" ಎಂದು ಪ್ರತಿ ವರ್ಷ ಕೇಳುತ್ತಾಳೆ. ನದಿಯ ದಡದಲ್ಲಿ ಕೂತು ಗಂಗರಾಜು ಹೇಳುವ ಕತೆ ಕೇಳುತ್ತೇವೆ ಎಂದು ಒಮ್ಮೆ ನಿಜವನ್ನೇ ಹೇಳಿದೆ. ಬಸವೇಶ್ವರನಗರದ ನಮ್ಮ ಮನೆಯ ವರಾಂಡದಲ್ಲಿ ಕೂತರೂ ಆ ಕತೆಗಳು ಕೇಳುತ್ತವೆ, ಬೇಡವೆಂದರೂ ಕೇಳುತ್ತವೆ, ಅದಕ್ಕೆ ಹರಿಹರ ದಾಟಬೇಕಾಗಿಲ್ಲ ಎಂದಳು. ಅದೂ ನಿಜವೇ.

ಗಂಗರಾಜು, ಪ್ರಕಾಶ, ನಾನು ಮೂವರೂ ಒಂದೇ ಕಾರ್ಖಾನೆಯಲ್ಲಿದ್ದವರು. ಗಂಗರಾಜು ಹೆಗ್ಗನಹಳ್ಳಿಯವನು. ಅದು ನಿಜವಾಗಿ ಹಳ್ಳಿಯಾಗಿದ್ದಾಗ ಅವನ ಅಪ್ಪ ಅಲ್ಲಿ ರಾಗಿ ಬೆಳೆಯುತ್ತಿದ್ದರು. ಈಗ ಆ ರಾಗಿ ಹೊಲದ ಮೇಲೆ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಆದರೂ ಅವನು ಬೆಳಗ್ಗೆ "ಹೊಲದ್ ಕಡೆ ಹೋಗಿ ಬರ್ತೀನಿ" ಎಂದೇ ಹೇಳಿ ಮೂರನೆಯ ಮಹಡಿಯ ನಲ್ಲಿ ಸೋರುತ್ತಿದೆಯೇ ಎಂದು ನೋಡಿ ಬರುತ್ತಾನೆ. ಪ್ರಕಾಶ ವಿಜಯನಗರದವನು, ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದ. ಅವನ ಹತ್ತಿರ ಒಂದು ಹಳೆಯ ವ್ಯಾನಿದೆ. ನಮ್ಮ ಸ್ನೇಹ ಉಳಿದುಕೊಂಡಿರುವುದರಲ್ಲಿ ಆ ವ್ಯಾನಿನ ಪಾಲೂ ಇದೆ.

ಗಂಗರಾಜನ ಗಂಟಲಿನ ಬಗ್ಗೆ ಹೇಳಬೇಕು. ನಮ್ಮ ವಿಭಾಗದಲ್ಲಿ ಎಂಟು ದೊಡ್ಡ ಪ್ರೆಸ್ ಯಂತ್ರಗಳಿದ್ದವು. ಅವೆಲ್ಲ ಒಟ್ಟಿಗೆ ಓಡುವಾಗ ಪಕ್ಕದವನ ಮಾತು ಕೇಳಬೇಕಾದರೆ ಅವನ ತುಟಿ ನೋಡಬೇಕಿತ್ತು. ಗಂಗರಾಜನ ಮಾತು ಮಾತ್ರ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಸಲೀಸಾಗಿ ಬರುತ್ತಿತ್ತು. ಊಟದ ಹೊತ್ತಿನ ಗಂಟೆ ಕೆಟ್ಟಾಗ ಮೇಲಿನವರು ಅದನ್ನು ರಿಪೇರಿ ಮಾಡಿಸಲು ಅವಸರ ಮಾಡಲಿಲ್ಲ. ನಾನೋ ಮಾತು ಕಡಿಮೆಯವನು. ನಾಲ್ಕು ಜನರ ಮುಂದೆ ನನಗೆ ಹೊಳೆಯುವ ಒಳ್ಳೆಯ ಮಾತುಗಳೆಲ್ಲ ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯುತ್ತವೆ. ಆದರೆ ಗಂಗರಾಜು ಪಕ್ಕದಲ್ಲಿದ್ದರೆ ಈ ಕೊರತೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನಗೆ ಹೆಣ್ಣು ನೋಡಲು ಹೋದಾಗಲೂ ನನ್ನ ಪರವಾಗಿ ಅವನೇ ಮಾತಾಡಿದ. ನನ್ನ ಮಾವನವರು ಅವನನ್ನೇ ಹುಡುಗ ಎಂದುಕೊಂಡು ಒಪ್ಪಿದ್ದರು ಎಂದು ನನ್ನ ಹೆಂಡತಿ ಈಗಲೂ ಹೇಳುವುದುಂಟು.

ನಾವು ಬಿಡಾರ ಹೂಡುವುದು ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರಿನ ಹತ್ತಿರ, ಈರಪ್ಪ ಎಂಬ ರೈತರ ಹೊಲದ ಅಂಚಿನಲ್ಲಿ. ಒಂದು ಹೊಂಗೆಮರ, ಎರಡು ಟೆಂಟು, ಮೂರು ಕಲ್ಲಿನ ಎರಡು ಒಲೆ. ನೀರಿನೊಳಗೆ ಅಲ್ಲಲ್ಲಿ ಬಂಡೆಗಳು. ಮೊಣಕಾಲುದ್ದದ ನೀರಿನಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಹೋದರೆ ನಡುವೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಅದೇ ನಮ್ಮ ಸಿಂಹಾಸನ. ಹಿಂಡಿಗೆ ಮೈದಾ, ಓಮ ಸೇರಿಸಿ ನಾದಿ, ಉಂಡೆ ಮಾಡಿ, ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟು ಕೂತರೆ ಗಂಗರಾಜನ ಕತೆ ಶುರು. ಅವನ ತಾತನ ಹೋರಿಯೊಂದು ಮಾಗಡಿ ರಸ್ತೆಯಲ್ಲಿ ಬಸ್ಸನ್ನು ಅಡ್ಡಗಟ್ಟಿದ ಕತೆಯನ್ನು ನಾನು ಕಡಿಮೆಯೆಂದರೂ ಹದಿನೈದು ಸಲ ಕೇಳಿದ್ದೇನೆ. ಪ್ರತಿ ವರ್ಷವೂ ಬಸ್ಸು ಸ್ವಲ್ಪ ದೊಡ್ಡದಾಗುತ್ತಿತ್ತು.

ಮೀನು ಬೀಳುತ್ತಿರಲಿಲ್ಲ. ಈರಪ್ಪನವರು ಒಮ್ಮೆ ಬಹಳ ಮರ್ಯಾದೆಯಿಂದ ಅದರ ಕಾರಣ ಹೇಳಿದರು. "ನಿಮ್ಮ ದೋಸ್ತರು ಬಂದ್ರಂದ್ರ ಮೀನೆಲ್ಲ ಆಚಿ ದಂಡಿಗೆ ಹೋಗ್ತಾವ್ರಿ. ಆ ಊರಿನ ಮಂದಿ ನಿಮ್ಮ ದಾರಿ ಕಾಯ್ತಿರ್ತಾರ." ಹೀಗಾಗಿ ಪ್ರಕಾಶ ಸಾರಿಗೆ ಬೇಕಾದ ಮೀನನ್ನು ಆಚೆ ದಂಡೆಯವರಿಂದಲೇ ಕೊಂಡು ತರುತ್ತಿದ್ದ. ನನಗೆ ಬೇರೆ ಪಾತ್ರೆಯಲ್ಲಿ ಹುರುಳಿಕಾಳಿನ ಬಸ್ಸಾರು. ಅದನ್ನು ಗಂಗರಾಜು ತಾನೇ ಮಾಡುತ್ತಿದ್ದ, ಸೌಟು ಕೂಡ ಬೇರೆ ಇಟ್ಟಿದ್ದ. ನನ್ನ ಮನೆಯಲ್ಲೂ ನನ್ನ ಊಟದ ಬಗ್ಗೆ ಅಷ್ಟು ಎಚ್ಚರಿಕೆ ಯಾರಿಗೂ ಇಲ್ಲ.

ಕೆಲವು ವರ್ಷಗಳ ಹಿಂದೆ ಗಂಗರಾಜನ ಧ್ವನಿ ಒಡೆಯತೊಡಗಿತು. ಶೀತ ಅಂದುಕೊಂಡೆವು. ಶುಂಠಿ ಕಷಾಯ ಕುಡಿದ, ಮೆಣಸು ಅಗಿದ. ಡಾಕ್ಟರು ನೋಡಿದಾಗ ಗಂಟಲಲ್ಲಿ ಗಡ್ಡೆ ಇತ್ತು, ಕೆಟ್ಟ ಗಡ್ಡೆ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ರಂಧ್ರ ಮಾಡಿದರು. ಜೀವ ಉಳಿಯಿತು, ಮಾತು ಹೋಯಿತು.

ಆಸ್ಪತ್ರೆಗೆ ನೋಡಲು ಹೋದೆ. ಅವನು ದಿಂಬಿಗೆ ಒರಗಿ ಕೂತಿದ್ದ. ಕತ್ತಿಗೆ ತೆಳು ಬಟ್ಟೆ ಕಟ್ಟಿದ್ದರು, ಉಸಿರು ಬಂದಾಗಲೆಲ್ಲ ಅದು ಸಣ್ಣಗೆ ಅಲುಗುತ್ತಿತ್ತು. ನನ್ನನ್ನು ನೋಡಿ ಕೈ ಎತ್ತಿದ. ನಾನೂ ಎತ್ತಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೂವತ್ತು ವರ್ಷ ಅವನು ಮಾತಾಡಿದ್ದ, ನಾನು ತಲೆದೂಗಿದ್ದೆ. ಈಗ ತಲೆದೂಗಲು ಏನೂ ಇರಲಿಲ್ಲ. ಮಂಚದ ತುದಿಗೆ ತಗುಲಿಸಿದ್ದ ಕಾಗದವನ್ನು ಎರಡು ಸಲ ಓದಿದೆ. ಹಾಲಿನ ಪ್ಯಾಕೆಟ್ಟಿನ ಮೇಲಿನದನ್ನೂ ಓದಿದೆ. "ಬರ್ತೀನಿ ಕಣೋ" ಎಂದು ಎದ್ದೆ. ಹೊರಗೆ ಬಂದಾಗ ಬೆವೆತಿದ್ದೆ. ಆಮೇಲೆ ಅವನು ಮನೆಗೆ ಬಂದ ಮೇಲೂ ನಾನು ನೋಡಲು ಹೋದದ್ದು ಕಡಿಮೆ. ಹೋದರೂ ಅವನ ಹೆಂಡತಿ ಜಯಮ್ಮನ ಜೊತೆ ಮಾತಾಡಿ ಬರುತ್ತಿದ್ದೆ.

ಆ ವರ್ಷ ದೀಪಾವಳಿ ಕಳೆಯಿತು. ಪ್ರಕಾಶ ಫೋನ್ ಮಾಡಿದ. "ಗಂಗರಾಜಂಗೆ ಯಾವಾಗ ಹೇಳೋಣ?"

"ಈ ವರ್ಷ ಅವನು ಬೇಡ ಬಿಡು" ಎಂದೆ ನಾನು. "ಅವನು ನೀರಿಗೆ ಇಳಿಯೋ ಹಂಗಿಲ್ಲ. ಆ ತೂತಿಗೆ ನೀರು ಹೋದ್ರೆ ನೇರ ಶ್ವಾಸಕೋಶಕ್ಕೇ ಹೋಗತ್ತೆ ಅಂದಿದಾರೆ ಡಾಕ್ಟ್ರು. ಧೂಳು ಬೇರೆ."

"ದಡದಲ್ಲಿ ಕೂತಿರ್ತಾನೆ. ಕೇಳಿ ನೋಡೋಣ. ಬರೋದು ಬಿಡೋದು ಅವನಿಷ್ಟ ಅಲ್ವಾ?"

"ನಾನೇ ಹೇಳ್ತೀನಿ ಬಿಡು."

ನಾನು ಹೇಳಿದ ಕಾರಣಗಳೆಲ್ಲ ನಿಜವಾಗಿದ್ದವು. ಆದರೆ ನನ್ನ ಕಾರಣ ಅವು ಯಾವುದೂ ಆಗಿರಲಿಲ್ಲ. ಮೂರು ದಿನ ಅವನ ಮೌನದ ಎದುರು ಕೂರಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ. ಹೆಗ್ಗನಹಳ್ಳಿಗೆ ಹೋಗಿ ಗಂಗರಾಜನ ಹೆಗಲಿನ ಹಿಂದಿದ್ದ ಕ್ಯಾಲೆಂಡರ್ ನೋಡುತ್ತಾ, ಈ ವರ್ಷ ಪ್ರವಾಸ ಇಲ್ಲ ಎಂದೆ. ಅವನು ಹುಬ್ಬು ಏರಿಸಿದ. ಸುಳ್ಳು ಹೇಳುವ ಅಭ್ಯಾಸವಿಲ್ಲದವರ ಕಷ್ಟ ನಿಮಗೆ ಗೊತ್ತಿರಬಹುದು. ನೆಗಡಿ ಎಂದರೆ ಸಾಕಾಗುವ ಕಡೆ ಸಾವು ತರುತ್ತಾರೆ. "ಪ್ರಕಾಶನ ಅತ್ತೆ ಹೋಗ್ಬಿಟ್ರು" ಎಂದೆ.

ಆ ಅತ್ತೆ, ಪುಟ್ಟಮ್ಮನವರು, ಮಗಳ ಮನೆಯಲ್ಲೇ ಇರುತ್ತಿದ್ದರು. ಗಂಗರಾಜನನ್ನು ಕಂಡರೆ ಅವರಿಗೆ ಪ್ರೀತಿ. ಕಿವಿ ಮಂದವಾಗಿದ್ದ ಅವರಿಗೆ ಸರಿಯಾಗಿ ಕೇಳಿಸುತ್ತಿದ್ದದ್ದು ಅವನ ಮಾತು ಒಂದೇ. ನಾನು ಇದನ್ನು ಯೋಚಿಸಿರಲಿಲ್ಲ.

ಗಂಗರಾಜು ಮಾರನೆಯ ದಿನ ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು ವಿಜಯನಗರಕ್ಕೆ ಹೋದ. ಪುಟ್ಟಮ್ಮನವರು ಬಾಗಿಲ ಹತ್ತಿರ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಗಂಗರಾಜು ಹಾರ ಹಿಡಿದು ಅವರನ್ನೇ ನೋಡುತ್ತಾ ನಿಂತುಬಿಟ್ಟನಂತೆ.

"ಯಾರಿಗಪ್ಪ ಹಾರ?" ಎಂದು ಅವರು ಕೇಳಿದರು.

ಏನೆಂದು ಹೇಳುತ್ತಾನೆ? ಹೇಳಲು ಧ್ವನಿ ಇದ್ದಿದ್ದರೂ ಹೇಳುವಂಥ ವಿಷಯವಲ್ಲ. ಒಳಗೆ ಹೋಗಿ ಗೋಡೆಯ ಮೇಲಿದ್ದ ವೆಂಕಟರಮಣನ ಪಟಕ್ಕೆ ಆ ಹಾರ ಹಾಕಿ ಕೈ ಮುಗಿದ. ಪಾಪ, ಗಂಟಲಿಗಾಗಿ ಹರಕೆ ಹೊತ್ತಿರಬೇಕು ಎಂದುಕೊಂಡ ಪುಟ್ಟಮ್ಮನವರು ಎದ್ದು ಬಂದು ಅವನ ತಲೆ ಸವರಿದರು. ಅಷ್ಟರಲ್ಲಿ ಪ್ರಕಾಶನ ಹೆಂಡತಿ ಕಾಫಿ ತಂದು, "ಅವ್ರು ಟೆಂಟ್ ಹೊಲ್ಸೋಕೆ ಹೋಗಿದಾರಣ್ಣ. ನಾಳೆ ಬೆಳಗ್ಗೆ ಆರಕ್ಕೆ ಹೊರಡ್ತೀರಲ್ಲ" ಎಂದಳು.

ಅವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮನೆಗೆ ಬಂದ.

ಮಾರನೆಯ ಬೆಳಗ್ಗೆ ಆರಕ್ಕೆ ನಾವು ಪ್ರಕಾಶನ ಮನೆಯ ಮುಂದೆ ವ್ಯಾನಿಗೆ ಸಾಮಾನು ತುಂಬುತ್ತಿದ್ದಾಗ ಜಯಮ್ಮನ ಸ್ಕೂಟರ್ ಬಂದು ನಿಂತಿತು. ಹಿಂದೆ ಗಂಗರಾಜು, ಕತ್ತಿಗೆ ಶುಭ್ರವಾದ ಬಿಳಿ ಬಟ್ಟೆ, ಕೈಯಲ್ಲಿ ಎರಡು ಗಾಳದ ಕೋಲು. ಇಳಿದು ಸೀದಾ ನನ್ನ ಹತ್ತಿರ ಬಂದು, ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದ. ಮನೆಯಲ್ಲೇ ಬರೆದುಕೊಂಡು ಬಂದಿದ್ದ.

"ಹೋಗಿರೋದು ಗಂಟ್ಲು. ಗಾಳ ಅಲ್ಲ."

"ಹಂಗಲ್ಲ ಕಣೋ" ಎಂದೆ. "ನಿನ್ನ ಒಳ್ಳೇದಕ್ಕೇ... ನಾವೆಲ್ಲ ಸೇರಿ ಯೋಚ್ನೆ ಮಾಡಿ..."

ಪ್ರಕಾಶ ಒಮ್ಮೆ ನನ್ನನ್ನು ನೋಡಿದ. ಆಮೇಲೆ ಬಗ್ಗಿ ವ್ಯಾನಿನ ಟೈರಿನಲ್ಲಿ ಗಾಳಿ ಇದೆಯೇ ಎಂದು ನೋಡತೊಡಗಿದ. ನಾಲ್ಕು ಟೈರನ್ನೂ ನೋಡಿದ.

"ಕರ್ಕೊಂಡ್ ಹೋಗಿ ಅಣ್ಣ" ಎಂದರು ಜಯಮ್ಮ. "ಮನೇಲಿ ಬರೀ ಗೋಡೆ ನೋಡ್ಕೊಂಡು ಕೂತಿರ್ತಾರೆ. ನೀರಿಗೆ ಮಾತ್ರ ಇಳಿಸ್ಬೇಡಿ."

ದಾರಿಯುದ್ದಕ್ಕೂ ನಾನು ಮಾತಾಡಿದೆ. ತುಮಕೂರು ಬಂತು, ಶಿರಾ ಬಂತು, ಇಲ್ಲಿ ಲಾರಿಗಳು ಜಾಸ್ತಿ ಎಂದು ಕಂಡಕ್ಟರನಂತೆ ಹೇಳುತ್ತಲೇ ಇದ್ದೆ. ಚಿತ್ರದುರ್ಗ ದಾಟುವ ಹೊತ್ತಿಗೆ ಹೇಳಲು ಏನೂ ಉಳಿಯದೆ ಮೈಲಿಗಲ್ಲುಗಳನ್ನು ಓದಿದೆ. ಗಂಗರಾಜು ಕಿಟಕಿಯ ಹೊರಗೆ ನೋಡುತ್ತಿದ್ದ.

ಆ ವರ್ಷ ಮೀನು ಬಿತ್ತು. ಮೊದಲನೆಯ ದಿನ ಸಂಜೆಯೊಳಗೆ ಪ್ರಕಾಶನಿಗೆ ಏಳು ಗೆಂಡೆ ಮೀನು. ನನ್ನ ಗಾಳಕ್ಕೂ ಒಂದು ಬಿತ್ತು, ಜೀವಮಾನದ ಮೊದಲನೆಯದು. ಅಂಗೈಯಗಲದ ಆ ಮೀನು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ವಾಪಸು ನೀರಿಗೆ ಬಿಟ್ಟೆ. ಯಾರೂ "ಭಲೇ" ಅನ್ನಲಿಲ್ಲ. ನದಿ ಇಷ್ಟು ನಿಶ್ಶಬ್ದವಾಗಿರುತ್ತದೆ ಎಂದು ನನಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಈರಪ್ಪನವರು ಬಂದು ಮೀನಿನ ಬುಟ್ಟಿ ನೋಡಿದರು, ಗಂಗರಾಜನ ಕತ್ತಿನ ಬಟ್ಟೆ ನೋಡಿದರು, ಏನೂ ಮಾತಾಡದೆ ಅವನ ಪಕ್ಕದಲ್ಲಿ ಬಹಳ ಹೊತ್ತು ಕೂತು ಎದ್ದು ಹೋದರು. ನನಗೆ ಬರದ ವಿದ್ಯೆ ಅವರಿಗೆ ಬರುತ್ತಿತ್ತು.

ಎರಡನೆಯ ದಿನ ಬೆಳಗ್ಗೆ ಪ್ರಕಾಶನೂ ನಾನೂ ಚಪ್ಪಟೆ ಬಂಡೆಯ ಮೇಲೆ ಕೂತಿದ್ದೆವು. ಬಿಸಿಲು ಬೆನ್ನಿಗೆ ಹಿತವಾಗಿತ್ತು, ಮುಖ ನದಿ ಹರಿಯುವ ದಿಕ್ಕಿಗೆ. ಗಂಗರಾಜು ದಡದಲ್ಲಿ ಅಡುಗೆ ಮಾಡುತ್ತಿದ್ದ. ಒಂದು ಒಲೆಯ ಮೇಲೆ ಗೆಂಡೆ ಮೀನಿನ ಸಾರು, ಇನ್ನೊಂದರ ಮೇಲೆ ನನ್ನ ಬಸ್ಸಾರು. ಮಸಾಲೆಯ ಪರಿಮಳ ನೀರಿನ ಮೇಲೆ ತೇಲಿಕೊಂಡು ನಮ್ಮವರೆಗೂ ಬರುತ್ತಿತ್ತು.

ತಟ್ಟೆ ಬಡಿಯುವ ಸದ್ದು ಕೇಳಿತು. ತಿರುಗಿ ನೋಡಿದರೆ ಗಂಗರಾಜು ದಡದ ಅಂಚಿಗೆ ಬಂದು ಸೌಟಿನಿಂದ ತಟ್ಟೆ ಬಡಿಯುತ್ತಿದ್ದ.

"ಊಟಕ್ಕೆ ಕರೀತಿದಾನೆ" ಎಂದ ಪ್ರಕಾಶ. ಹತ್ತು ಬೆರಳು ತೋರಿಸಿ, "ಹತ್ತು ನಿಮಿಷ!" ಎಂದು ಕೂಗಿದ.

ಗಂಗರಾಜು ಇನ್ನೂ ಜೋರಾಗಿ ಬಡಿದ. ನಾವು ಇನ್ನೂ ಜೋರಾಗಿ ಹತ್ತು ಬೆರಳು ತೋರಿಸಿದೆವು. ಅವನು ಟವೆಲ್ ತೆಗೆದು ಬೀಸಿದ. ನಾನೂ ನನ್ನ ಟವೆಲ್ ಬೀಸಿದೆ. ಅವನು ಗೆಲುವಾಗಿದ್ದಾನೆ ಎಂದು ಖುಷಿಯೂ ಆಯಿತು. ಅವನು ಕೈ ಚಾಚಿ ನದಿಯ ಮೇಲುಭಾಗವನ್ನು ತೋರಿಸಿದ. ಅಲ್ಲಿ ಬೆಳ್ಳಕ್ಕಿಗಳು ಹಾರುತ್ತಿದ್ದವು. "ನೋಡಿದ್ವಿ, ಚೆನ್ನಾಗಿದೆ!" ಎಂದೆ.

ಅವನು ಎರಡು ಹೆಜ್ಜೆ ನೀರಿಗೆ ಇಳಿದ. ನಿಂತ. ಕತ್ತಿನ ಬಟ್ಟೆ ಮುಟ್ಟಿಕೊಂಡ. ಹಿಂದಕ್ಕೆ ಹೋದ.

ಮೀನು ಸಾರಿನ ಪಾತ್ರೆಯನ್ನು ಟವೆಲ್ಲಿನಿಂದ ಹಿಡಿದು ಎತ್ತಿ ದಡದ ತುದಿಗೆ ತಂದ. ನಮಗೆ ಚೆನ್ನಾಗಿ ಕಾಣುವಂತೆ ತಲೆಯ ಮಟ್ಟಕ್ಕೆ ಎತ್ತಿ ಹಿಡಿದ. ಆಮೇಲೆ ನಿಧಾನವಾಗಿ ಬಗ್ಗಿಸಿದ. ಕೆಂಪು ಸಾರು ಮಣ್ಣಿಗೆ ಸುರಿಯಿತು.

"ಲೋ! ಸಾರು ಚೆಲ್ತಾ ಇದಾನೆ ಕಣೋ!" ಪ್ರಕಾಶ ಗಾಳದ ಕೋಲನ್ನು ಅಲ್ಲೇ ಎಸೆದು ನೀರಿಗೆ ಇಳಿದೇಬಿಟ್ಟ. "ಏಯ್ ಗಂಗಾ! ತಲೆ ಕೆಟ್ಟಿದ್ಯೇನೋ? ನಿಲ್ಸೋ!" ಬೈಯುತ್ತಾ ಬಂಡೆಯಿಂದ ಬಂಡೆಗೆ ಓಡಿದ.

ನಾನು ಏಳಲಿಲ್ಲ. ಅದು ಮೀನಿನ ಸಾರು, ಅವರಿಬ್ಬರ ವಿಷಯ ಎಂದು ಕೂತಿದ್ದೆ. ಗಂಗರಾಜು ನನ್ನನ್ನು ಒಂದು ಕ್ಷಣ ನೋಡಿದ. ಒಲೆಯ ಹತ್ತಿರ ಹೋಗಿ ಎರಡನೆಯ ಪಾತ್ರೆ ತಂದ. ನನ್ನ ಬಸ್ಸಾರು. ಅದನ್ನೂ ತಲೆಯ ಮಟ್ಟಕ್ಕೆ ಎತ್ತಿದ.

ನಾನು ಓಡಿದೆ.

ಮೊಣಕಾಲುದ್ದ ಇರಬೇಕಾದ ನೀರು ತೊಡೆಗೆ ಬಂದಾಗ ನನಗೆ ಏನೋ ಅನ್ನಿಸಿತು. ಸೊಂಟಕ್ಕೆ ಬಂದಾಗ ಅರ್ಥವಾಯಿತು. ನೀರು ಕೆಂಪಗಾಗಿತ್ತು, ಕಸಕಡ್ಡಿ, ನೊರೆ ತೇಲಿ ಬರುತ್ತಿದ್ದವು. ಕಾಲು ಜಾರಿತು. ಪ್ರಕಾಶ ದಡದಿಂದ ಗಾಳದ ಕೋಲೊಂದನ್ನು ಚಾಚಿದ, ಅವನ ನಡುವನ್ನು ಹಿಂದಿನಿಂದ ಗಂಗರಾಜು ತಬ್ಬಿ ಹಿಡಿದಿದ್ದ. ನನ್ನನ್ನು ಎಳೆದುಕೊಂಡರು. ನಾನು ಮಣ್ಣಿನ ಮೇಲೆ ಬೋರಲಾಗಿ ಬಿದ್ದು, ಉಸಿರು ಸಿಕ್ಕ ಮೇಲೆ ತಿರುಗಿ ನೋಡಿದಾಗ ಚಪ್ಪಟೆ ಬಂಡೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ನೀರು ಒಂದು ಸುಳಿ ಸುತ್ತಿ ಮುಂದೆ ಹೋಗುತ್ತಿತ್ತು.

ಮೇಲೆ ಎಲ್ಲೋ ಘಟ್ಟದಲ್ಲಿ ಅಕಾಲದ ಮಳೆ ಬಿದ್ದಿತ್ತಂತೆ. ನಮ್ಮ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಪಾತ್ರೆ ತೊಳೆಯುವ ಕಲ್ಲು ಮುಳುಗಿದ್ದನ್ನು ಮೊದಲು ನೋಡಿದವನು ಗಂಗರಾಜು.

ಮೂವರೂ ಹೊಂಗೆಮರದ ಕೆಳಗೆ ಕೂತೆವು. ಗಂಗರಾಜನ ಕತ್ತಿನ ಬಟ್ಟೆಯ ಹಿಂದೆ ಉಸಿರು ಶಿಳ್ಳೆಯ ಹಾಗೆ ಸದ್ದು ಮಾಡುತ್ತಿತ್ತು. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡು ಹತ್ತಿರ ಹೋದೆ. ನಗುತ್ತಿದ್ದ. ಆಮೇಲೆ ಅಳುತ್ತಲೂ ಇದ್ದ. ಸದ್ದಿಲ್ಲದೆ ಹೋದರೆ ಎರಡಕ್ಕೂ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.

ಪ್ರಕಾಶ ಖಾಲಿ ಪಾತ್ರೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ. "ಒಂದು ತೊಟ್ಟೂ ಉಳಿಸಿಲ್ವಲ್ಲೋ" ಎಂದ.

ಗಂಗರಾಜು ನೋಟ್‌ಬುಕ್ ತೆಗೆದು ಬರೆದ. "ಮುಂಚಿನ್ ಥರ ಕೂಗಿದ್ರೆ ಬರ್ತಿದ್ರಾ?"

ನಾವಿಬ್ಬರೂ ಯೋಚಿಸಿದೆವು. ಅವನು ಕೂಗದಿದ್ದ ದಿನವೇ ಇರಲಿಲ್ಲ. ಹಾವು ಎಂದು ಕೂಗಿದ್ದ, ಮೊಸಳೆ ಎಂದು ಕೂಗಿದ್ದ, ಒಮ್ಮೆ ಆನೆ ಎಂದೂ ಕೂಗಿದ್ದ. ನೀರು ಬಂತು ಎಂದು ಕೂಗಿದ್ದರೆ ಹತ್ತು ಬೆರಳು ತೋರಿಸಿ ಕೂತಿರುತ್ತಿದ್ದೆವು.

"ಇಲ್ಲ" ಎಂದೆ ನಾನು.

ಆ ದಿನ ಈರಪ್ಪನವರ ಮನೆಯಲ್ಲಿ ಜೋಳದ ರೊಟ್ಟಿ, ಎಣಗಾಯಿ ತಿಂದೆವು. ಮರುದಿನ ವಾಪಸು ಬಂದೆವು. ದಾರಿಯಲ್ಲಿ ನಾನು ಮೈಲಿಗಲ್ಲು ಓದಲಿಲ್ಲ. ಆಮೇಲೂ ಪ್ರತಿ ವರ್ಷ ಹೋಗಿದ್ದೇವೆ, ಮೂವರೂ. ಗಂಗರಾಜು ಈಗ ಕತ್ತಿಗೆ ಒತ್ತಿ ಹಿಡಿಯುವ ಟಾರ್ಚಿನಂಥ ಒಂದು ಯಂತ್ರ ಇಟ್ಟುಕೊಂಡಿದ್ದಾನೆ. ಅದರಿಂದ ಮಾತು ಬರುತ್ತದೆ, ಏರಿಳಿತವಿಲ್ಲದ, ರೈಲ್ವೆ ನಿಲ್ದಾಣದ ಪ್ರಕಟಣೆಯಂಥ ಮಾತು. ಆ ಧ್ವನಿಯಲ್ಲಿ ತಾತನ ಹೋರಿಯ ಕತೆ ಹೇಳಲು ಪ್ರಯತ್ನಿಸಿ ಅವನೇ ಅರ್ಧಕ್ಕೆ ಬಿಟ್ಟ. ಹೋರಿ ಪ್ಲಾಟ್‌ಫಾರಂ ಎರಡಕ್ಕೆ ಬರುತ್ತಿದೆ ಅನ್ನುವ ಹಾಗೆ ಕೇಳುತ್ತದೆ ಎಂದು ಬರೆದು ತೋರಿಸಿದ.

ಆದರೆ "ನಾವೆಲ್ಲ ಸೇರಿ" ಎಂದು ನಾನು ವ್ಯಾನಿನ ಹತ್ತಿರ ಹೇಳಿದ ಮಾತು ಮಾತ್ರ ಹಾಗೆಯೇ ಉಳಿದುಹೋಗಿತ್ತು. ಪ್ರಕಾಶ ಅದನ್ನು ಯಾವತ್ತೂ ಸರಿಪಡಿಸಲಿಲ್ಲ. ತನ್ನದಲ್ಲದ ತಪ್ಪಿನಲ್ಲಿ ಅರ್ಧ ಪಾಲು ಹೊತ್ತುಕೊಂಡು ಸುಮ್ಮನಿದ್ದಾನೆ.

ಮೊನ್ನೆ ಸುಂಕದಕಟ್ಟೆಯಿಂದ ಮನೆ ಕಡೆ ಹೊರಟವನು ಯಾಕೋ ಸ್ಕೂಟರನ್ನು ಹೆಗ್ಗನಹಳ್ಳಿಗೆ ತಿರುಗಿಸಿದೆ. ಗಂಗರಾಜು ಆಗಷ್ಟೇ ಮೂರನೆಯ ಮಹಡಿಯ ಹೊಲದಿಂದ ಇಳಿದು ಬಂದು ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತೆ. ಈ ಸಲ ಕ್ಯಾಲೆಂಡರ್ ಹುಡುಕಲಿಲ್ಲ, ಅವನ ಮುಖ ನೋಡಿಯೇ ಹೇಳಿದೆ.

"ಗಂಗಾ, ಆ ವರ್ಷ ನಿನ್ನ ಬಿಟ್ಟು ಹೋಗೋಣ ಅಂದಿದ್ದು ನಾವೆಲ್ಲ ಅಲ್ಲ ಕಣೋ. ನಾನೊಬ್ನೇ. ಪ್ರಕಾಶ ಕರ್ಕೊಂಡ್ ಹೋಗೋಣ ಅಂತಲೇ ಹೇಳಿದ್ದ. ನಿನ್ನ ಮುಂದೆ ಸುಮ್ನೆ ಕೂರೋಕೆ ನಂಗೆ ಭಯ ಆಗಿತ್ತು."

ಅವನು ಯಂತ್ರವನ್ನು ಕತ್ತಿಗೆ ಒತ್ತಿದ.

"ಗೊತ್ತು."

"ಯಾರು ಹೇಳಿದ್ರು? ಪ್ರಕಾಶನಾ?"

"ಪ್ರಕಾಶ ಸುಳ್ಳು ಹೇಳಿದ್ರೆ. ಚೆನ್ನಾಗಿ ಹೇಳ್ತಾನೆ. ಬದುಕಿರೋರ್‌ನ ಸಾಯಿಸಲ್ಲ."

ಒಂದು ಏರಿಳಿತವೂ ಇಲ್ಲದೆ ಹೇಳಿದ. ಆಮೇಲೆ ಇನ್ನೊಮ್ಮೆ ಒತ್ತಿದ.

"ನಂಗೂ ಭಯ ಆಗಿತ್ತು."

ಯಂತ್ರವನ್ನು ಆರಿಸಿ, ಒರೆಸಿ, ಅಂಗಿಯ ಜೇಬಿಗೆ ಇಟ್ಟುಕೊಂಡ. ಜಯಮ್ಮ ಕಾಫಿ ತಂದುಕೊಟ್ಟು ಹೋದರು. ರಸ್ತೆಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು. ನಾನು ಬೆವರಲಿಲ್ಲ.

ಆಮೇಲೆ ನಾನು ಮಾತು ಶುರು ಮಾಡಿದೆ. ನಮ್ಮ ಬೀದಿಯ ಚರಂಡಿ ಕೆಲಸ, ಮೇಲಿನ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಬೆಳಗ್ಗೆ ಐದಕ್ಕೇ ಮಿಕ್ಸಿ ಹಾಕುವುದು, ನನ್ನ ಮೊಣಕಾಲು, ಎಕ್ಸ್‌ರೇ ತೆಗೆದವನು ಎಡಗಾಲಿನ ಬದಲು ಬಲಗಾಲಿನದು ತೆಗೆದದ್ದು. ಅದರಲ್ಲಿ ಕತೆ ಅನ್ನುವಂಥದ್ದೇನೂ ಇರಲಿಲ್ಲ. ಗಂಗರಾಜು ಗೋಡೆಗೆ ಒರಗಿ ಆಗಾಗ ತಲೆದೂಗುತ್ತಿದ್ದ. ನಡುವೆ ಎರಡು ಸಲ ಆಕಳಿಸಿದ. ನಾನು ನಿಲ್ಲಿಸಲಿಲ್ಲ.